ಏಳನೇ ಮಹಡಿಯ ಪಾಳಿ

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಮುಂಬಯಿಯ ಒಂದು ಖಾಸಗಿ ಸಂಸ್ಥೆಯಲ್ಲಿ ಅಗ್ನಿ ಸುರಕ್ಷತೆಯ ಟ್ರೇನಿಂಗ್ ಆಫೀಸರ್ ಆಗಿದ್ದೆ. ಈಗಲೂ ಅದೇ ಕೆಲಸದಲ್ಲಿದ್ದೇನೆ. ಹೌಸಿಂಗ್ ಸೊಸೈಟಿಗಳಿಗೆ ಹೋಗಿ, ಬೆಂಕಿ ಬಿದ್ದಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ಜನರಿಗೆ ಹೇಳಿಕೊಡುವುದು ನನ್ನ ಕೆಲಸ. ಹುಟ್ಟಿ ಬೆಳೆದದ್ದು ಮಾಟುಂಗದಲ್ಲಿ. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿ, ಆಮೇಲೆ ಫೈರ್ ಸೇಫ್ಟಿಯ ಡಿಪ್ಲೊಮಾ ಮಾಡಿಕೊಂಡೆ. ಬೆಂಕಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ಆದರೆ ಆ ಶನಿವಾರದವರೆಗೆ, ತರಬೇತಿಗಾಗಿ ನಾವೇ ತಗಡಿನ ಟ್ರೇಯಲ್ಲಿ ಹಚ್ಚುವ ಬೆಂಕಿ ಬಿಟ್ಟರೆ ಬೇರೆ ಬೆಂಕಿಯನ್ನು ನಾನು ಹತ್ತಿರದಿಂದ ಕಂಡಿರಲಿಲ್ಲ.

ಆ ಸಲ ಘಾಟ್ಕೋಪರಿನ ಒಂದು ಬಿಲ್ಡಿಂಗ್ ನನ್ನ ಪಾಲಿಗೆ ಬಂತು. ಗೋಡೆಗಳು ಹೊಸವು, ಜನ ಹಳಬರು. ಅದೇ ಜಾಗದಲ್ಲಿದ್ದ, ಸಾಲು ಕೋಣೆಗಳ ಹಳೆಯ ಚಾಳನ್ನು ಕೆಡವಿ ಹದಿನೆಂಟು ಮಹಡಿ ಎಬ್ಬಿಸಿ, ಚಾಳಿನ ಕುಟುಂಬಗಳಿಗೆ ಕೆಳಗಿನ ಮಹಡಿಗಳಲ್ಲಿ ಮನೆ ಕೊಟ್ಟಿದ್ದರು. ಹೆಚ್ಚಿನವರು ಮರಾಠಿಗರು. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯಿಂದ ಎರಡು ತಲೆಮಾರಿನ ಹಿಂದೆ ಬಂದ ಮನೆಗಳೂ ಸಾಕಷ್ಟಿದ್ದವು.

ಮೊದಲ ದಿನ ಮೇಲಿಂದ ಕೆಳಗೆ ಮೆಟ್ಟಿಲಿಳಿಯುತ್ತ ನೋಡಿದೆ. ಚಾಳಿನವರ ಮಹಡಿಗಳಲ್ಲಿ ಎಲ್ಲ ಮನೆಗಳ ಬಾಗಿಲುಗಳೂ ತೆರೆದಿದ್ದವು. ಕಾರಿಡಾರಿನಲ್ಲಿ ಚಪ್ಪಲಿ, ಬಕೆಟ್ಟು, ಕಾಳು ಆರಿಸುತ್ತ ಕೂತ ಹೆಂಗಸರು. ಒಂದು ಮನೆಯ ಟಿ.ವಿ.ಯನ್ನು ಎದುರು ಮನೆಯವರು ತಮ್ಮ ಮನೆಯಲ್ಲೇ ಕೂತು ನೋಡುತ್ತಿದ್ದರು. ನೋಡಲು ಚೆಂದ. ಆದರೆ ನನಗೆ ಅದರಲ್ಲಿ ಅಪಾಯ ಕಂಡಿತು.

ಯಾಕೆಂದು ಹೇಳಬೇಕು. ಚಾಳಿನಲ್ಲಿ ಕೋಣೆಗಳ ಮುಂದೆ ಇರುವುದು ತೆರೆದ ಗ್ಯಾಲರಿ. ಒಳಗೆ ಏನಾದರೂ ಹೊತ್ತಿಕೊಂಡರೆ ಎಲ್ಲರೂ ಗ್ಯಾಲರಿಗೆ ಓಡಿ ಬರುತ್ತಾರೆ; ಅಲ್ಲಿ ಗಾಳಿ ಇದೆ, ಬೆಳಕಿದೆ, ಕೂಗಿದರೆ ಕೇಳುವವರಿದ್ದಾರೆ. ಹೊರಗೆ ಓಡುವುದೇ ಅಲ್ಲಿ ಸರಿ. ಹೊಸ ಬಿಲ್ಡಿಂಗಿನ ಕಾರಿಡಾರ್ ಗ್ಯಾಲರಿಯಲ್ಲ. ಎರಡೂ ಕಡೆ ಗೋಡೆ, ಒಂದು ತುದಿಗೆ ಲಿಫ್ಟು ಮತ್ತು ಮೆಟ್ಟಿಲು, ಕಿಟಕಿಯೇ ಇಲ್ಲ. ನೆಲಮಹಡಿಯ ಮೀಟರ್ ರೂಮಿನಿಂದ ವಿದ್ಯುತ್ ಕೇಬಲ್‌ಗಳು ಒಂದು ಡಕ್ಟಿನೊಳಗೆ, ಅಂದರೆ ಗೋಡೆಯೊಳಗಿನ ಉದ್ದ ಪೊಳ್ಳಿನೊಳಗೆ, ಪ್ರತಿ ಮಹಡಿಗೂ ಏರುತ್ತವೆ. ಮೀಟರ್ ರೂಮ್ ಹೊತ್ತಿಕೊಂಡರೆ ಹೊಗೆ ಅದೇ ಪೊಳ್ಳಿನಲ್ಲಿ, ಅದೇ ಮೆಟ್ಟಿಲಿನಲ್ಲಿ ಮೇಲೇರಿ ಕಾರಿಡಾರನ್ನು ತುಂಬುತ್ತದೆ. ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. ಆಗ ಹೊರಗೆ ಓಡಿದವರೇ ಸಿಕ್ಕಿಬೀಳುತ್ತಾರೆ. ಮೆಟ್ಟಿಲು ಹೊಗೆಯಿಂದ ತುಂಬಿದ್ದರೆ ಬಾಗಿಲು ಹಾಕಿಕೊಂಡು, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿರುವ ಕೋಣೆಯಲ್ಲಿ ಕೂತು, ಎದ್ದು ಕಾಣುವ ಬಟ್ಟೆಯೊಂದನ್ನು ಹೊರಗೆ ಇಳಿಬಿಡಬೇಕು. ಆ ಬಟ್ಟೆ ಕಂಡರೆ ಕೆಳಗಿನವರಿಗೆ ಇಲ್ಲಿ ಜನ ಇದ್ದಾರೆ ಎಂದು ಗೊತ್ತಾಗುತ್ತದೆ.

ಅಂದರೆ, ಈ ಜನ ಹುಟ್ಟಿದಾಗಿನಿಂದ ಕಲಿತದ್ದಕ್ಕೆ ಪೂರ್ತಿ ಉಲ್ಟಾ ನಾನು ಕಲಿಸಬೇಕಿತ್ತು.

ಮೊದಲ ತರಬೇತಿಗೆ ನೋಟಿಸ್ ಹಾಕಿಸಿ, ವಾಟ್ಸಾಪಿನಲ್ಲಿ ಎರಡು ಸಲ ನೆನಪು ಮಾಡಿಸಿ, ಭಾನುವಾರ ಬೆಳಿಗ್ಗೆ ಹೋದೆ. ಬಂದವರು ಸೊಸೈಟಿಯ ಸೆಕ್ರೆಟರಿ ಪವಾರ ಸಾಹೇಬರು, ಇಬ್ಬರು ವಾಚ್‌ಮನ್‌ಗಳು, ಮತ್ತೆ ನೀರಿನ ಪ್ರೆಶರ್ ಬಗ್ಗೆ ಮೀಟಿಂಗ್ ಎಂದುಕೊಂಡು ಬಂದ ಮೂರು ಜನ ನಿವೃತ್ತರು. ಹೆಂಗಸರಿಲ್ಲ, ಮಕ್ಕಳಿಲ್ಲ. ಹಗಲು ಹೊತ್ತು ಮನೆಯಲ್ಲಿರುವವರಲ್ಲಿ ಹೆಚ್ಚಿನವರು ಬಂದೇ ಇರಲಿಲ್ಲ. ಪವಾರರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಸೊಸೈಟಿಯ ಜನರಲ್ ಬಾಡಿ ಮೀಟಿಂಗಿಗೂ ಇಷ್ಟೇ ಜನ, ಗಣಪತಿಯ ಆರತಿಗೆ ಮಾತ್ರ ಯಾರೂ ತಪ್ಪುವುದಿಲ್ಲ ಎಂದು ನಗುತ್ತ ಲಾಬಿಯ ಗೋಡೆ ತೋರಿಸಿದರು. ಅಲ್ಲೊಂದು ಕಪ್ಪು ಹಲಗೆ ಇತ್ತು. ಗಣೇಶೋತ್ಸವ ಮುಗಿದು ವಾರಗಳಾಗಿದ್ದರೂ ಅದರ ಮೇಲಿನ ಸೀಮೆಸುಣ್ಣದ ಅಕ್ಷರ ಯಾರೂ ಅಳಿಸಿರಲಿಲ್ಲ: ಯಾವ ಸಂಜೆ ಯಾವ ಮನೆಯವರ ಆರತಿ ಎಂದು ಮೊದಲೇ ಗೊತ್ತುಮಾಡಿಕೊಂಡ ಪಾಳಿ.

ಮುಂಬಯಿಯ ಸೊಸೈಟಿಗಳಲ್ಲಿ ಇದು ಎಲ್ಲ ಕಡೆ ಇದ್ದದ್ದೇ. ತಮ್ಮ ಪಾಳಿ ಇದ್ದ ದಿನ ಇಡೀ ಮನೆ ಇಳಿದು ಬರುತ್ತದೆ. ಅಂಗಡಿಗೆ ಹೋದವರು ಬೇಗ ಬರುತ್ತಾರೆ. ಆರತಿಯ ಸಾಲು ಬಾರದ ಮಕ್ಕಳಿಗೆ ಹಿಂದಿನ ವಾರವೆಲ್ಲ ಮನೆಯಲ್ಲಿ ಬಾಯಿಪಾಠ ನಡೆದಿರುತ್ತದೆ, ಎಲ್ಲರೆದುರು ತೊದಲಬಾರದಲ್ಲ.

ಆ ಹಲಗೆಯನ್ನೇ ಕೇಳಿ ಪಡೆದೆ. ಒಂದು ಭಾನುವಾರ ಒಂದು ಮಹಡಿ. ಯಾವ ಭಾನುವಾರ ಎಂಬುದನ್ನು ಆ ಮಹಡಿಯ ಮನೆಯವರೇ ಆರಿಸಬೇಕು, ತಮ್ಮ ಕೈಯಿಂದಲೇ ಹೆಸರು ಬರೆಯಬೇಕು. ಮನೆಯಲ್ಲಿರುವ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದೊಂದು ಕೆಲಸ: ಬಾಗಿಲು, ಒದ್ದೆ ಬಟ್ಟೆ, ಫೋನು, ಕಿಟಕಿ. ಅವರ ಪಾಳಿಯ ದಿನ ನಾನು ಕಲಿಸಿ, ಆಮೇಲೆ ಆ ಮನೆಯವರು ಮಾಡಿ ತೋರಿಸಬೇಕು. ನೋಡಲು ಬೇರೆ ಮಹಡಿಯವರೂ ಬರಬಹುದು. ಹಲಗೆ ತುಂಬಲು ಒಂದು ವಾರ ಬೇಕಾಯಿತು. ಮೊದಲು ಬರೆದವರು ಮಕ್ಕಳು.

ನನಗೆ ಆಶ್ಚರ್ಯವಾದದ್ದು ಆಮೇಲೆ. ಪಾಳಿಯ ದಿನ ಬರುವ ಮನೆಯವರು ಅರ್ಧ ಕಲಿತೇ ಬರುತ್ತಿದ್ದರು. ಮೇನ್ ಸ್ವಿಚ್ ಎಲ್ಲಿದೆ ಎಂದು ಮನೆಯಲ್ಲಿ ಜಗಳವಾಡಿ ಹುಡುಕಿಟ್ಟಿರುತ್ತಿದ್ದರು. ಗ್ರಿಲ್ಲಿನ ಕಿಂಡಿಯಿಂದ ಟವೆಲ್ ಹೊರಗೆ ಹೋಗುತ್ತದೋ ಇಲ್ಲವೋ ಪರೀಕ್ಷಿಸಿರುತ್ತಿದ್ದರು. ಹಿಂದಿನ ವಾರ ಬೇರೆಯವರ ಪಾಳಿ ನೋಡಿ, ಅವರು ಎಡವಿದ್ದನ್ನು ತಾವು ಎಡವಬಾರದೆಂದು ಲಿಫ್ಟಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನನ್ನ ಒಂದು ಗಂಟೆಯ ಪಾಠಕ್ಕಿಂತ ಹಲಗೆಯ ಮೇಲಿನ ಹೆಸರು ಹೆಚ್ಚು ದಿನ ಪಾಠ ಮಾಡುತ್ತಿತ್ತು. ಆದರೆ ಇದನ್ನು ಆಗ ನಾನು ನಗುತ್ತ ಆಫೀಸಿನಲ್ಲಿ ಹೇಳಿಕೊಳ್ಳುತ್ತಿದ್ದೆ, ಅಷ್ಟೆ.

ಏಳನೇ ಮಹಡಿಯಲ್ಲಿ ಶಾಂತವ್ವನವರ ಮನೆ. ವಿಜಯಪುರದ ಕಡೆಯವರು. ಮಗ ಬಸವರಾಜ ದಾದರಿನ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್, ಸೊಸೆ ರೇಣುಕಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಮೊಮ್ಮಗಳು ಸ್ನೇಹಾ ಹತ್ತನೇ ಕ್ಲಾಸು. ಹಲಗೆಯ ಮೇಲೆ ಬರೆದವಳು ಅವಳೇ, ಅಜ್ಜಿಯನ್ನು ಕೇಳದೆಯೇ: ಕಿಟಕಿ ತನಗೆ, ಒದ್ದೆ ಬಟ್ಟೆ ಅವ್ವನಿಗೆ, ಫೋನು ಅಪ್ಪನಿಗೆ, ಬಾಗಿಲು ಅಜ್ಜಿಗೆ.

ಶಾಂತವ್ವ ಅವತ್ತೇ ಸೆರಗು ಸಿಕ್ಕಿಸಿಕೊಂಡು ನನ್ನ ಹತ್ತಿರ ಬಂದರು.

"ಅಕ್ಕಾರ, ಆ ಹೆಸರ ಅಳಸ್ರಿ. ನಲವತ್ತ ವರ್ಷ ಚಾಳಿನ್ಯಾಗ ಇದ್ದೀನಿ, ಹಗಲೊತ್ತ ಬಾಗಲಾ ಹಾಕಿದಾಕಿ ಅಲ್ಲ ನಾ. ಬಾಗಲಾ ಹಾಕ್ಕೊಂಡು ಕುಂತ್ರ ಮಂದಿ ಏನಂತಾರ, ಮನ್ಯಾಗ ಯಾರರ ಸತ್ತಾರೇನು ಅಂತಾರ."

ಸ್ನೇಹಾ ಬದಿಗೆ ನಿಂತು ತನ್ನ ಅರೆಬರೆ ಕನ್ನಡದಲ್ಲಿ ಅಂದಳು, "ಅರೇ ಅಜ್ಜೀ, ಡೋರ್ ಸಬ್‌ಸೇ ಈಝೀ ಐತಿ. ನಿಂಗ ಅದಕ್ಕೇ ಕೊಟ್ಟೆ."

ಹೆಸರು ಅಳಿಸದೆ ಉಳಿಸಿದ್ದು ನಾನಲ್ಲ, ಎದುರು ಮನೆಯ ಸುಶೀಲಾಬಾಯಿ. ಚಾಳಿನಲ್ಲೂ ಅವರು ಶಾಂತವ್ವನ ನೆರೆಯವರೇ. ಅವರದು ಮರಾಠಿ, ಇವರದು ಕನ್ನಡ, ದಿನಾ ಬೆಳಿಗ್ಗೆ ಕಾರಿಡಾರಿನಲ್ಲಿ ಕೂತು ಇಬ್ಬರೂ ಒಬ್ಬರನ್ನೊಬ್ಬರು ಹಂಗಿಸದೆ ಚಹಾ ಕುಡಿದವರಲ್ಲ. ಸುಶೀಲಾಬಾಯಿ ಹಲಗೆ ಓದಿ ಗಲ್ಲದ ಮೇಲೆ ಕೈಯಿಟ್ಟುಕೊಂಡರಂತೆ. ಶಾಂತೂ ಬಾಗಿಲು ಹಾಕುವುದನ್ನು ನೋಡಲು ತಾನು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ ಎಂದರಂತೆ. ಆಮೇಲೆ ಶಾಂತವ್ವ ಹೆಸರು ಅಳಿಸುವ ಮಾತೆತ್ತಲಿಲ್ಲ. ಸುಶೀಲಾಬಾಯಿ ಮಾತ್ರ ತಮ್ಮ ಹೆಸರು ಬರೆಸಲಿಲ್ಲ. ಮಗ ಸೊಸೆ ಇಬ್ಬರಿಗೂ ಭಾನುವಾರವೂ ಡ್ಯೂಟಿ, ಮುಂದೆ ನೋಡೋಣ ಎಂದಿದ್ದರು.

ಏಳನೇ ಮಹಡಿಯ ಪಾಳಿ ಒಂದು ಭಾನುವಾರಕ್ಕೆ ನಿಗದಿಯಾಯಿತು. ಅದರ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಹೊಸ ಫೈರ್ ಎಕ್ಸ್‌ಟಿಂಗ್ವಿಷರ್‌ಗಳು ಬಂದಿವೆಯೇ ನೋಡಲು ನಾನು ಹೋಗಿದ್ದೆ. ಪವಾರರ ಜೊತೆ ಗೇಟಿನ ಹತ್ತಿರ ನಿಂತು ಮಾತಾಡುತ್ತಿದ್ದೆ. ಮೊದಲು ಬಂದದ್ದು ವಾಸನೆ, ಪ್ಲಾಸ್ಟಿಕ್ ಸುಡುವ ವಾಸನೆ. ಯಾರೋ ಕಸ ಸುಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಪಟಪಟ ಸದ್ದು, ಮೀಟರ್ ರೂಮಿನ ಬಾಗಿಲ ಕೆಳಗಿಂದ ಕಪ್ಪು ಹೊಗೆ. ವಾಚ್‌ಮನ್ ಬಾಗಿಲಿಗೆ ಕೈಹಾಕಲು ಹೋದ. ಪವಾರರು ಅವನ ಶರ್ಟು ಹಿಡಿದೆಳೆದರು. ಫೈರ್ ಬ್ರಿಗೇಡಿಗೆ ಫೋನ್ ಮಾಡಿದವಳು ನಾನೇ.

ಎರಡು ಮೂರು ನಿಮಿಷಗಳಲ್ಲಿ ಲಾಬಿ ಕಾಣದಾಯಿತು. ಹೊಗೆ ಮೆಟ್ಟಿಲಿನ ಬಾಯಿಗೆ ನುಗ್ಗುತ್ತಿತ್ತು, ನೀರು ಮೇಲಕ್ಕೆ ಹರಿದ ಹಾಗೆ. ಕೆಳಗಿನ ಒಂದೆರಡು ಮಹಡಿಯವರು ಮೊದಲೇ ಓಡಿ ಬಂದಿದ್ದರು. ಮಿಕ್ಕವರು ಒಳಗೆ. ನಾವು ಕಾಂಪೌಂಡಿನ ಆಚೆ ಸರಿದು ನಿಂತು ಮೇಲೆ ನೋಡತೊಡಗಿದೆವು.

ಆಗ ಒಂದೊಂದೇ ಕಿಟಕಿಯಿಂದ ಬಟ್ಟೆ ಇಳಿಯಿತು. ಮೂರನೇ ಮಹಡಿಯಲ್ಲಿ ಹಳದಿ ಟವೆಲ್. ನಾಲ್ಕರಲ್ಲಿ ಕೆಂಪು ದುಪಟ್ಟಾ. ಐದು, ಆರು. ಇವೆಲ್ಲ ಪಾಳಿ ಮುಗಿಸಿದ ಮಹಡಿಗಳು. ಅವರಿಗೆ ನಾನು ಕಲಿಸಿದ್ದೆ.

ಏಳನೇ ಮಹಡಿಗೆ ನಾನು ಏನೂ ಕಲಿಸಿರಲಿಲ್ಲ. ನಾಳೆ ಕಲಿಸುವುದಿತ್ತು.

ಶಾಂತವ್ವನ ಮನೆಯ ಕಿಟಕಿ ಗೇಟಿನ ಕಡೆಗೇ ಇತ್ತು. ಅದು ಖಾಲಿ. ಬಸವರಾಜ ದಾದರಿನಲ್ಲಿ ಎಂದು ಗೊತ್ತಿತ್ತು, ಆದರೆ ಶನಿವಾರ ಮಧ್ಯಾಹ್ನ ಉಳಿದ ಮೂವರೂ ಮನೆಯಲ್ಲೇ ಇರುತ್ತಾರೆ. ಬಾಗಿಲು ತೆರೆದೇ ಇರುತ್ತದೆ. ಹೊಗೆಯ ವಾಸನೆ ಬಂದೊಡನೆ ಅವರು ಏನು ಮಾಡುತ್ತಾರೆ ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಿತ್ತು. ಗ್ಯಾಲರಿಗೆ ಬರುತ್ತಾರೆ. ಗ್ಯಾಲರಿ ಎಂದುಕೊಂಡು ಆ ಕಾರಿಡಾರಿಗೆ ಬರುತ್ತಾರೆ. ಪವಾರರು ರೇಣುಕಾಳ ಫೋನಿಗೆ ಮತ್ತೆ ಮತ್ತೆ ಕರೆ ಮಾಡುತ್ತಿದ್ದರು; ರಿಂಗ್ ಆಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಹನ್ನೊಂದನೆಯ ಮಹಡಿಯಿಂದ ಯಾರೋ ಮಗುವಿನ ಹೆಸರು ಹಿಡಿದು ಕೂಗುತ್ತಿದ್ದರು. ನಾನು ಆ ಒಂದೇ ಕಿಟಕಿ ನೋಡುತ್ತಿದ್ದೆ. ಬೇರೆ ಕಡೆ ನೋಡಿದರೆ ಅಲ್ಲಿ ಏನೋ ಆಗಿಬಿಡುತ್ತದೆ ಎನ್ನಿಸುತ್ತಿತ್ತು.

ಎಷ್ಟು ಹೊತ್ತು ಎಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಫೈರ್ ಬ್ರಿಗೇಡಿನ ಗಾಡಿ ಗಲ್ಲಿ ಹೊಕ್ಕಿತು, ಅದರ ಸದ್ದಿಗೆ ಒಂದು ಸಲ ತಿರುಗಿದೆ. ಮತ್ತೆ ಮೇಲೆ ನೋಡುವಾಗ ಏಳನೇ ಮಹಡಿಯ ಗ್ರಿಲ್ಲಿನಿಂದ ಹಸಿರು ಬಣ್ಣದ ಏನೋ ನೂಕುನೂಕಾಗಿ ಹೊರಬರುತ್ತಿತ್ತು. ಸಿಕ್ಕಿಕೊಂಡಿತು. ಜಗ್ಗಿದರು. ಆಮೇಲೆ ಒಮ್ಮೆಲೇ ಸರ್ರನೆ ಇಳಿದು ಬಿಚ್ಚಿಕೊಂಡಿತು: ಇಳಕಲ್ ಸೀರೆ, ಕೆಂಪು ಸೆರಗು, ಆರನೇ ಮಹಡಿಯ ಕಿಟಕಿಯನ್ನೂ ದಾಟಿ ತೂಗುತ್ತಿತ್ತು. ನಾನು ಗಾಡಿಯಿಂದ ಇಳಿಯುತ್ತಿದ್ದವರ ಹತ್ತಿರ ಓಡಿ ಆ ಕಿಟಕಿ ತೋರಿಸಿದೆ.

ಬ್ರಿಗೇಡಿನವರು ಬೆಂಕಿ ಆರಿಸಿ, ಹೊಗೆ ಹೊರಗೆ ಹೋಗುವ ಹಾಗೆ ಮಾಡಿ, ಮಹಡಿಯಿಂದ ಮಹಡಿಗೆ ಹೋಗಿ ಜನರನ್ನು ಕರೆತಂದರು. ಮೇಲಿನ ಮಹಡಿಯೊಂದರಿಂದ ಮೆಟ್ಟಿಲಿಳಿದು ಓಡಿದ್ದ ಒಬ್ಬರನ್ನು ಸ್ಟ್ರೆಚರಿನಲ್ಲಿ ತಂದರು, ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯಲ್ಲಿ ಹಲವು ದಿನ ಇದ್ದು ಅವರು ಉಳಿದರು. ಏಳನೇ ಮಹಡಿಯಿಂದ ಮೂವರು ಬರುತ್ತಾರೆಂದು ಕಾಯುತ್ತಿದ್ದೆ. ನಾಲ್ವರು ಬಂದರು. ನಾಲ್ಕನೆಯವರು ಸುಶೀಲಾಬಾಯಿ. ಮೂಗಿನ ಕೆಳಗೆ ಮಸಿಯ ಗೆರೆ, ಕೆಮ್ಮು ನಿಲ್ಲುತ್ತಿರಲಿಲ್ಲ. ಶಾಂತವ್ವ ಅವರ ಮುಂಗೈ ಹಿಡಿದದ್ದು ಬಿಟ್ಟಿರಲಿಲ್ಲ.

ನಡೆದದ್ದನ್ನು ಅವರು ಆಮೇಲೆ ತುಂಡುತುಂಡಾಗಿ ಹೇಳಿದರು. ತಮ್ಮ ಮನೆಯವರಿಗೆ ಎಲ್ಲರೆದುರು ನಾಚಿಕೆಯಾಗಬಾರದೆಂದು ಸ್ನೇಹಾ ಎರಡು ವಾರದಿಂದ ದಿನಾ ಸಂಜೆ ಅಭ್ಯಾಸ ಮಾಡಿಸಿದ್ದಳಂತೆ, ಬೇರೆ ಮಹಡಿಗಳ ಪಾಳಿ ನೋಡಿ ಬಂದು. ಅಪ್ಪ ಅಂಗಡಿಯಿಂದ ಬರುವುದು ತಡವಾದ್ದರಿಂದ ಅವನ ಫೋನಿನ ಕೆಲಸವನ್ನೂ ತಾನೇ ಮಾಡುತ್ತಿದ್ದಳು. ಸೀರೆ ಮಾತ್ರ ಶಾಂತವ್ವನ ಹಟ. ಮೊಮ್ಮಗಳು ತಂದ ಟವೆಲ್ ನೋಡಿ, ಇಷ್ಟು ಚಿಕ್ಕದು ಯಾರ ಕಣ್ಣಿಗೆ ಬೀಳುತ್ತದೆ ಎಂದು ಟ್ರಂಕಿನಿಂದ ತಮ್ಮ ಇಳಕಲ್ ಸೀರೆ ತೆಗೆದು ಕಿಟಕಿಯ ಹತ್ತಿರದ ಗೂಟಕ್ಕೆ ಹಾಕಿಟ್ಟಿದ್ದರು. ಸುಶೀಲಾಬಾಯಿ ಬಂದು ನೋಡುತ್ತಾಳಲ್ಲ, ಸೀರೆಯಾದರೂ ಚೆಂದದ್ದಿರಲಿ ಎಂದು.

ಹೊಗೆ ಬಂದಾಗ ರೇಣುಕಾ ಚಾದರ ಒದ್ದೆ ಮಾಡಿ ತಂದಳು. ಅದೇ ಗಡಿಬಿಡಿಯಲ್ಲಿ ಅವಳ ಫೋನು ಮುಂದಿನ ಕೋಣೆಯ ಹೊಲಿಗೆ ಮಶಿನಿನ ಮೇಲೆ ಉಳಿಯಿತು. ಸ್ನೇಹಾ ಒಳಗಿನ ಕೋಣೆಯಿಂದ ಬಾಗಿಲು ಬಂದ್ ಮಾಡು ಎಂದು ಕೂಗಿದಳು. ಶಾಂತವ್ವ ಬಾಗಿಲ ಹಿಡಿಕೆಗೆ ಕೈಹಾಕಿದಾಗ ಕಾರಿಡಾರಿನಲ್ಲಿ ಹೊಗೆ ಚಾವಣಿಯ ಕೆಳಗೆ ದಪ್ಪಗೆ ಇಳಿಯುತ್ತಿತ್ತು. ಸುಶೀಲಾಬಾಯಿ ತಮ್ಮ ಮನೆಯಿಂದ ಹೊರಗೆ ಬಂದು, ನಲವತ್ತು ವರ್ಷದ ರೂಢಿಯಂತೆ, ಮೆಟ್ಟಿಲಿನ ಕಡೆ ನಡೆಯುತ್ತಿದ್ದರು.

"ಅಜ್ಜಿ ಡೋರ್ ಹಾಕಲೇ ಇಲ್ಲ," ಸ್ನೇಹಾ ಅಂದಳು, ಅಳುವಿಗೂ ಸಿಟ್ಟಿಗೂ ನಡುವಿನ ದನಿಯಲ್ಲಿ. "ನಾ ಚಿಲ್ಲಾತಾ ಇದ್ದೆ, ಅಜ್ಜಿ ತಡಿ ತಡಿ ಅಂತ ನಿಂತಿತ್ತು."

ಶಾಂತವ್ವ ಹೆಸರು ಹಿಡಿದು ಕೂಗಿದರು. ಸುಶೀಲಾಬಾಯಿಗೆ ತಿರುಗಿ ನೋಡಿದರೆ ಏನೂ ಕಾಣಲಿಲ್ಲ. ಒಂದು ತೆರೆದ ಬಾಗಿಲಿನ ಬೆಳಕು ಮಾತ್ರ ಕಂಡಿತು. ಆ ಬೆಳಕಿಗೆ ಬಂದರು. ಅವರು ಹೊಸ್ತಿಲು ದಾಟಿದ ಮೇಲೆ ಶಾಂತವ್ವ ಬಾಗಿಲು ಹಾಕಿದರು, ರೇಣುಕಾ ಚಾದರ ತುರುಕಿದಳು. ಸ್ನೇಹಾ ತನ್ನ ಮೊಬೈಲಿನಿಂದ ಬ್ರಿಗೇಡಿಗೆ ಫೋನ್ ಮಾಡಿ, ಆಮೇಲೆ ಸೀರೆಗೆ ಕೈಹಾಕಿದಳು. ಕಿಟಕಿ ಅಷ್ಟು ಹೊತ್ತು ಖಾಲಿ ಇದ್ದದ್ದು ಅದಕ್ಕೆ.

ಕಾಂಪೌಂಡಿನಲ್ಲಿ ಸುಶೀಲಾಬಾಯಿ ನನಗೆ ಹೇಳಿದ್ದು ಒಂದೇ ಮಾತು: "ಹಿಚಂ ದಾರ ಉಘಡಂ ಹೋತಂ, ಮ್ಹಣೂನ ವಾಚಲೇ." ಇವಳ ಬಾಗಿಲು ತೆರೆದಿತ್ತು, ಅದಕ್ಕೆ ಉಳಿದೆ.

ಬಾಗಿಲು ಹಾಕಿ ಎಂದು ಕಲಿಸುವುದು ನನ್ನ ವೃತ್ತಿ. ಶಾಂತವ್ವನೇ ಸಮಾಧಾನದ ದನಿಯಲ್ಲಿ ಅಂದರು, "ಬಾಗಲಾ ನನ್ನ ಕೆಲಸ ಅಂತ ಬರದಿತ್ತು, ಹಾಕೀನಿ ಅಕ್ಕಾರ. ಯಾವಾಗ ಹಾಕಬೇಕು ಅಂತ ಬರದಿದ್ದಿಲ್ಲ."

ಮನೆಗೆ ಬಂದ ಮೇಲೆ ಹಲವು ವಾರ ನನಗೆ ನಿದ್ದೆ ಸರಿಯಾಗಲಿಲ್ಲ. ಕಣ್ಣು ಮುಚ್ಚಿದರೆ ಆ ಕಿಟಕಿ. ಈಗಲೂ ಹಾಗೇ, ನೆನಪಿನಲ್ಲಿ ಅದು ಯಾವಾಗಲೂ ಖಾಲಿಯೇ ಇರುತ್ತದೆ; ಸೀರೆ ಇಳಿದದ್ದನ್ನು ನಾನೇ ಬಲವಂತದಿಂದ ನೆನಪಿಸಿಕೊಳ್ಳಬೇಕು. ಇನ್ನೊಂದು ಲೆಕ್ಕವೂ ಬಿಡುವುದಿಲ್ಲ. ಹೊಗೆ ಇನ್ನಷ್ಟು ದಟ್ಟವಾಗಿದ್ದರೆ ಆ "ತಡಿ ತಡಿ" ನಾಲ್ವರನ್ನೂ ಬಲಿ ತೆಗೆದುಕೊಳ್ಳುತ್ತಿತ್ತು. ಬಾಗಿಲು ಒಂದು ಕ್ಷಣ ಮೊದಲು ಮುಚ್ಚಿದ್ದರೆ ಎದುರು ಮನೆಯಾಕೆ ಇರುತ್ತಿರಲಿಲ್ಲ. ಶಾಂತವ್ವ ಮಾಡಿದ್ದು ಸರಿಯೇ ಎಂದು ನಮ್ಮ ಆಫೀಸಿನಲ್ಲಿ ಕೇಳಿದರು. ಅದು ನನಗೆ ಈಗಲೂ ಪೂರ್ತಿ ಗೊತ್ತಿಲ್ಲ.

ಗೊತ್ತಾದದ್ದು ಇಷ್ಟು. ಹೆಸರು ಬರೆಸುವುದನ್ನು ನಾನು ಜನ ಸೇರಿಸುವ ಉಪಾಯ ಎಂದುಕೊಂಡಿದ್ದೆ. ಹಾಗಲ್ಲ. ಹೆಸರು ಬರೆದ ದಿನದಿಂದ ಪಾಳಿಯ ದಿನದವರೆಗೆ ಆ ಮನೆಯಲ್ಲಿ ಒಂದು ಮಾತು ಓಡಾಡುತ್ತಿರುತ್ತದೆ. ಊಟಕ್ಕೆ ಕೂತಾಗ, ಲಿಫ್ಟಿಗೆ ಕಾಯುವಾಗ, ನೆರೆಯವರು ಕೆಣಕಿದಾಗ. ಮೊಮ್ಮಗಳು ಅಜ್ಜಿಗೆ ಹೇಳುತ್ತಾಳೆ, ಅಜ್ಜಿ ಒಪ್ಪುವುದಿಲ್ಲ, ಒಪ್ಪದೆಯೂ ಒಂದು ಸಲ ಬಾಗಿಲು ಹಾಕಿ ನೋಡುತ್ತಾರೆ. ಮನೆ ಕಲಿಯುವುದು ಹಾಗೆ. ನಾನು ಇಲ್ಲದಿದ್ದಾಗ, ನನ್ನ ತರಗತಿಗೂ ಮೊದಲು. "ಮುಂದೆ ನೋಡೋಣ" ಎಂದ ಮನೆಯಲ್ಲಿ ಆ ಮಾತು ಹುಟ್ಟುವುದೇ ಇಲ್ಲ. ಸುಶೀಲಾಬಾಯಿ ಶಾಂತವ್ವನಿಗಿಂತ ಏನೂ ಕಡಿಮೆ ಬುದ್ಧಿಯವರಲ್ಲ. ಅವರಿಗೆಂದು ಒಂದು ದಿನ ನಿಗದಿಯಾಗಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅಂದಿನಿಂದ ನನ್ನ ತರಬೇತಿಯಲ್ಲಿ ಮನೆಗಳು ಒಂಟಿಯಾಗಿ ಹೆಸರು ಬರೆಸುವುದಿಲ್ಲ. ಎದುರುಬದುರಿನ ಎರಡು ಬಾಗಿಲು ಸೇರಿ ಒಂದು ಪಾಳಿ. ಬಾಗಿಲು ಹಾಕುವ ಮೊದಲು ಯಾರನ್ನು ಕೂಗಬೇಕು, ಎಷ್ಟು ಹೊಗೆ ಇದ್ದರೆ ಬಾಗಿಲು ತೆರೆಯಲೇಬಾರದು, ಇವೆರಡನ್ನೂ ಕಲಿಸುತ್ತೇನೆ. ಎರಡನೆಯದನ್ನು ಹೇಳುವಾಗ ನನ್ನ ದನಿ ಇವತ್ತಿಗೂ ಸ್ವಲ್ಪ ತಗ್ಗುತ್ತದೆ.

ಏಳನೇ ಮಹಡಿಯ ಪಾಳಿ, ಬೆಂಕಿಯಲ್ಲಿ ಹೋಗಿದ್ದ ಕರೆಂಟು ಮತ್ತೆ ಬಂದ ಮೇಲೆ, ಬೇರೊಂದು ಭಾನುವಾರ ನಡೆಯಿತು. ಗೋಡೆಗೆಲ್ಲ ಮಸಿ ಹಿಡಿದಿದ್ದರೂ ಹಲಗೆಯನ್ನು ಯಾರೋ ಒರೆಸಿ ಹೆಸರುಗಳನ್ನು ಮತ್ತೆ ಬರೆದಿಟ್ಟಿದ್ದರು. ಸುಶೀಲಾಬಾಯಿ ಬಂದು ಸೀಮೆಸುಣ್ಣದ ಕಡ್ಡಿ ಕೇಳಿ ತೆಗೆದುಕೊಂಡು, ಶಾಂತವ್ವನ ಹೆಸರಿನ ಪಕ್ಕದಲ್ಲಿ, ಬಾಗಿಲು ಎಂಬ ಕೆಲಸದ ಮುಂದೆಯೇ, ತಮ್ಮ ಹೆಸರು ಬರೆದರು. ಶಾಂತವ್ವ ಅದೇ ಹಸಿರು ಇಳಕಲ್ ಉಟ್ಟು ಬಂದಿದ್ದರು. ಎಷ್ಟು ಸಲ ಒಗೆದರೂ ಹೊಗೆಯ ವಾಸನೆ ಹೋಗಿಲ್ಲವೆಂದು ಸೆರಗು ಮೂಸಿ ತೋರಿಸಿದರು.

"ಒಂದ ಬಾಗಲಕ್ಕ ಇಬ್ಬರು ಯಾಕ ಅಂತ ಕೇಳಾಕತ್ತಾಳ ನನ್ನ ಮೊಮ್ಮಗಳು," ಎಂದರು ನನಗೆ. "ನೀವರ ಹೇಳ್ರಿ."

ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಸುಶೀಲಾಬಾಯಿಯ ಕಡೆ ಕೈ ತೋರಿಸಿದರು.

"ಒಬ್ಬಾಕಿ ಹಾಕಾಕ. ಇನ್ನೊಬ್ಬಾಕಿ, ಎಲ್ಲಾರೂ ಒಳಗ ಬಂದಾರೋ ಇಲ್ಲೋ ನೋಡಾಕ."